ಆರ್‌ಜಿಬಿ ಮಾನಿಟರ್‌ನಲ್ಲಿ ಹಳೆಯ ಗೇಮ್‌ನ ಚಿತ್ರ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಆಸ್ಪತ್ರೆಯ ಗುಜರಿಯಲ್ಲಿ ಸಿಕ್ಕ 14 ಇಂಚಿನ ಸೋನಿ ಪಿವಿಎಂ ಮಾನಿಟರ್ ಮನೆಗೆ ತಂದಿದ್ದೇನೆ. ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆ ತಂತಿಯಲ್ಲಿ, ಅಂದರೆ ಆರ್‌ಜಿಬಿಯಲ್ಲಿ, ತೆಗೆದುಕೊಳ್ಳುವ ಹಳೆಯ ಪಿಕ್ಚರ್ ಟ್ಯೂಬ್ ಪರದೆ ಅದು. ಅದಕ್ಕೆ ಎರಡು ಗೇಮ್ ಕನ್ಸೋಲ್ ಜೋಡಿಸಿದ್ದೇನೆ: ಒಂದು ಜಪಾನಿನ ಸೂಪರ್ ಫ್ಯಾಮಿಕಾಂ, ಇನ್ನೊಂದು ಯುರೋಪಿನ ಪಾಲ್ (ಅಲ್ಲಿನ ಟಿವಿ ಪದ್ಧತಿ) ಮೆಗಾಡ್ರೈವ್. ಎರಡಕ್ಕೂ ಸ್ಕಾರ್ಟ್ (ಯುರೋಪಿನ ಟಿವಿಗಳ 21 ಪಿನ್ ಪ್ಲಗ್) ಕೇಬಲ್, ಅಲ್ಲಿಂದ ನಾಲ್ಕು ಬಿಎನ್‌ಸಿ ಪ್ಲಗ್ ಇರುವ ಕೇಬಲ್. ಮೆಗಾಡ್ರೈವ್ ಚಿತ್ರ ಗಟ್ಟಿಯಾಗಿ ನಿಲ್ಲುತ್ತದೆ. ಸೂಪರ್ ಫ್ಯಾಮಿಕಾಂನಲ್ಲಿ ಮಾತ್ರ ಪರದೆ ಬೆಳ್ಳಗಾದ ಕೂಡಲೇ ಮೇಲ್ಭಾಗ ಓರೆಯಾಗುತ್ತದೆ, ಒಮ್ಮೊಮ್ಮೆ ಇಡೀ ಚಿತ್ರ ಒಂದು ಸುತ್ತು ಉರುಳುತ್ತದೆ. ಇದರ ಜೊತೆಗೆ ಸದಾ ಒಂದು ಸಣ್ಣ ನಡುಕ. ರೆಕಾರ್ಡಿಂಗ್‌ಗೆಂದು ಒಂದು ಸಾಲನ್ನು ಎರಡಾಗಿ ಕವಲೊಡೆಸುವ ಟಿ ಕನೆಕ್ಟರ್ ಹಾಕಿ ಕ್ಯಾಪ್ಚರ್ ಪೆಟ್ಟಿಗೆಗೂ ಕೊಟ್ಟಿದ್ದೇನೆ, ಅಲ್ಲಿಂದೀಚೆಗೆ ಎರಡೂ ಕನ್ಸೋಲ್‌ನ ಚಿತ್ರ ಸ್ವಲ್ಪ ಮಂಕಾಗಿದೆ. ಸೂಪರ್ ಫ್ಯಾಮಿಕಾಂ ಅಡಾಪ್ಟರ್ 100 ವೋಲ್ಟಿನದು, ಅದಕ್ಕೆ ಬೇಕಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮಾನಿಟರ್ ಪಕ್ಕದಲ್ಲೇ ಇದೆ. ಸಿಂಕ್ ಸ್ಟ್ರಿಪ್ಪರ್ (ಗೆರೆ, ಚಿತ್ರ ಎಲ್ಲಿ ಮುಗಿಯಿತು ಎಂದು ಪರದೆಗೆ ಹೇಳುವ ಸಿಂಕ್ ಸೂಚನೆಯನ್ನು ಮಾತ್ರ ಬೇರ್ಪಡಿಸಿ ಕೊಡುವ ಸಾಧನ) ಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಕೊಳ್ಳಲೇ? ಇನ್ನೊಂದು ವಿಷಯ: ಚಿಕ್ಕಂದಿನ ಟಿವಿ ಗೇಮ್ ಸೆಟ್ ಅಟ್ಟದ ಮೇಲಿದೆ. ಅದನ್ನೂ ಈ ಮಾನಿಟರ್‌ಗೆ ಆರ್‌ಜಿಬಿಯಲ್ಲಿ ಕೊಡಬಹುದೇ?

ಉತ್ತರ: ಸ್ಟ್ರಿಪ್ಪರ್ ಕೊಳ್ಳಬೇಡಿ, ಕೊನೇಪಕ್ಷ ಈಗಲೇ ಬೇಡ. ಬೇರೆ ಬೇರೆ ಕಾರಣದ ಮೂರು ತೊಂದರೆಗಳು ನಿಮ್ಮ ಮೇಜಿನ ಮೇಲೆ ಒಟ್ಟಿಗೆ ಕೂತಿವೆ. ಪರದೆಯಲ್ಲಿ ಮಾತ್ರ ಮೂರೂ ‘ಚಿತ್ರ ನಿಲ್ಲುತ್ತಿಲ್ಲ’ ಎಂಬ ಒಂದೇ ವೇಷದಲ್ಲಿ ಕಾಣುತ್ತವೆ. ಅವುಗಳಲ್ಲಿ ಒಂದು ಸಿಂಕ್‌ನ ತೊಂದರೆಯೇ ಅಲ್ಲ.

ಆ ಒಂದರಿಂದಲೇ ಶುರು ಮಾಡೋಣ, ಯಾಕೆಂದರೆ ಅದಕ್ಕೆ ಕಾಸು ಖರ್ಚಿಲ್ಲ. ಆಟವನ್ನು ಪಾಜ್ ಮಾಡಿ, ನಿಂತ ಚಿತ್ರವೊಂದನ್ನು ಪರದೆಯಲ್ಲಿ ಇಟ್ಟುಕೊಂಡು, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರನ್ನು ಮಾನಿಟರ್‌ನಿಂದ ಒಂದೂವರೆ ಮೀಟರ್ ಆಚೆಗೆ ಸರಿಸಿ. ನಡುಕ ನಿಂತುಹೋಗುತ್ತದೆ ಎಂದು ನನ್ನ ಅಂದಾಜು. ಪಿಕ್ಚರ್ ಟ್ಯೂಬ್ ಒಳಗೆ ಎಲೆಕ್ಟ್ರಾನ್ ಕಿರಣವನ್ನು ಬಾಗಿಸುವುದು ಕಾಂತಕ್ಷೇತ್ರ. ಹೊರಗಿನ ಟ್ರಾನ್ಸ್‌ಫಾರ್ಮರ್‌ನಿಂದ ಸೋರುವ ಕಾಂತಕ್ಷೇತ್ರವೂ ಅದೇ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಸೂಪರ್ ಫ್ಯಾಮಿಕಾಂ ಚಿತ್ರ 60 ಹರ್ಟ್ಸ್. ಎರಡರ ನಡುವಿನ ವ್ಯತ್ಯಾಸ 10, ಅಂದರೆ ಚಿತ್ರ ಸೆಕೆಂಡಿಗೆ ಹತ್ತು ಸಲ ಅತ್ತಿತ್ತ ಹೋಗಿಬರುತ್ತದೆ. ನಿಮ್ಮ ಮೆಗಾಡ್ರೈವ್ ಪಾಲ್, ಅದರ ಚಿತ್ರ ಹೆಚ್ಚುಕಡಿಮೆ 50 ಹರ್ಟ್ಸ್. ಅಲ್ಲೂ ಅದೇ ಕ್ಷೇತ್ರ ಅಷ್ಟೇ ಬಾಗಿಸುತ್ತಿದೆ, ಆದರೆ ವ್ಯತ್ಯಾಸ ಎಷ್ಟು ಕಡಿಮೆ ಎಂದರೆ ಬಾಗು ತುಂಬಾ ನಿಧಾನಕ್ಕೆ ತೇಲುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಟಿವಿಯ ಚಿತ್ರವೇಗವನ್ನು ಆಯಾ ದೇಶದ ಕರೆಂಟಿನ ಹರ್ಟ್ಸ್‌ಗೆ ಹೊಂದಿಸಿಟ್ಟಿದ್ದರ ಹಿಂದೆ ಇಂಥ ಕಾಟಗಳೂ ಇದ್ದವು. ಜಪಾನ್, ಅಮೆರಿಕದ ಕನ್ಸೋಲನ್ನು ನಮ್ಮಲ್ಲಿ ಹಾಕಿದಾಗ ಆ ಹೊಂದಾಣಿಕೆ ತಪ್ಪುತ್ತದೆ. ನಡುಗುವ ಕನ್ಸೋಲ್ ಒಂದೇ, ಇನ್ನೊಂದು ನಡುಗುವುದಿಲ್ಲ ಎಂದರೆ ಎಲ್ಲರೂ ಮೊದಲು ಕೇಬಲ್ ಮೇಲೆ ಅನುಮಾನ ಪಡುತ್ತಾರೆ. ಸ್ವಿಚ್‌ಬೋರ್ಡ್ ಕಡೆ ನೋಡುವವರು ಕಡಿಮೆ.

ಟ್ರಾನ್ಸ್‌ಫಾರ್ಮರನ್ನು ಪೂರ್ತಿ ಬಿಟ್ಟುಬಿಡುವುದು ಇನ್ನೂ ಒಳ್ಳೆಯದು. ಸೂಪರ್ ಫ್ಯಾಮಿಕಾಂಗೆ ಬೇಕಾದ್ದು 10 ವೋಲ್ಟ್ ಡಿಸಿ, 850 ಮಿಲಿಆಂಪಿಯರ್, ಪ್ಲಗ್‌ನ ನಡುವಿನ ತುದಿ ನೆಗೆಟಿವ್. 230 ವೋಲ್ಟ್‌ನಿಂದ ನೇರ ಅದನ್ನು ಕೊಡುವ ಒಳ್ಳೆಯ ಎಸ್‌ಎಂಪಿಎಸ್ (ಮೊಬೈಲ್ ಚಾರ್ಜರ್ ಬಗೆಯ) ಅಡಾಪ್ಟರ್ ಸಾಕು. ಇದೇ ಕನ್ಸೋಲ್‌ನ ಯುರೋಪಿನ ರೂಪವಾದ ಸೂಪರ್ ನಿಂಟೆಂಡೊದ ಅಡಾಪ್ಟರ್ ಸಿಕ್ಕಿತೆಂದು ಖುಷಿಪಟ್ಟು ತರಬೇಡಿ, ಅದು ಕೊಡುವುದು 9 ವೋಲ್ಟ್ ಎಸಿ. ಮೆಗಾಡ್ರೈವ್ ಅಡಾಪ್ಟರ್‌ಗಳಲ್ಲೂ ಇಂಥ ಎಡವಟ್ಟು ಇದೆ: ಮೊದಲ ಮಾದರಿಯಲ್ಲಿ ನಡುವಿನ ತುದಿ ನೆಗೆಟಿವ್, ಎರಡನೆಯದರಲ್ಲಿ ಪಾಸಿಟಿವ್. ಪೋಲಾರಿಟಿ ನೋಡದೆ ಚುಚ್ಚಬೇಡಿ.

ಈಗ ಮಂಕು ಚಿತ್ರ. ಇದು ಟಿ ಕನೆಕ್ಟರ್‌ನ ಕೆಲಸ, ಮತ್ತು ಸಿಂಕ್‌ನ ಅರ್ಧ ತೊಂದರೆಯೂ ಇಲ್ಲೇ ಇದೆ. ವಿಡಿಯೊ ಸಾಲು ಯಾವಾಗಲೂ ಒಂದೇ ಒಂದು 75 ಓಮ್‌ನಲ್ಲಿ ಮುಗಿಯಬೇಕು. ನಿಮ್ಮ ಮಾನಿಟರ್ ಒಳಗೆ ಒಂದು 75 ಇದೆ, ಕ್ಯಾಪ್ಚರ್ ಪೆಟ್ಟಿಗೆಯೊಳಗೆ ಇನ್ನೊಂದು. ಟಿ ಹಾಕಿದಾಗ ಎರಡೂ ಪ್ಯಾರಲಲ್ ಆಗಿ 37.5 ಆಗುತ್ತವೆ. ಕನ್ಸೋಲ್ ಕಡೆಯಿಂದಲೂ ಸಾಲಿನಲ್ಲಿ 75 ಓಮ್ ಇರುವುದರಿಂದ ಲೆಕ್ಕ ಸುಲಭ: 1 ವೋಲ್ಟ್ ಇರಬೇಕಾದಲ್ಲಿ 0.67 ಉಳಿಯುತ್ತದೆ. ಬಣ್ಣದ ಸಾಲಿನಲ್ಲಿ ಅದು ಮಂಕಾಗಿ ಕಾಣುತ್ತದೆ. ಸಿಂಕ್ ಸಾಲಿನಲ್ಲಿ 0.3 ವೋಲ್ಟ್ ಇದ್ದ ಪಲ್ಸ್ 0.2ಕ್ಕೆ ಇಳಿಯುತ್ತದೆ.

ಟಿ ಕಿತ್ತುಹಾಕಿ. ಪಿವಿಎಂ ಹಿಂಬದಿಯಲ್ಲಿ ಪ್ರತಿ ಇನ್‌ಪುಟ್‌ಗೂ ಜೋಡಿಯಾಗಿ ಒಂದು ಔಟ್ ಬಿಎನ್‌ಸಿ ಇರುತ್ತದೆ. ಕ್ಯಾಪ್ಚರ್ ಪೆಟ್ಟಿಗೆಗೆ ಅಲ್ಲಿಂದ ಕೊಡಿ. ಔಟ್‌ಗೆ ಪ್ಲಗ್ ಸಿಕ್ಕಿಸಿದ ಕೂಡಲೇ ಎಷ್ಟೋ ಮಾದರಿಗಳಲ್ಲಿ ಮಾನಿಟರ್ ಒಳಗಿನ 75 ತಾನಾಗಿ ಕಳಚಿಕೊಳ್ಳುತ್ತದೆ, ಇನ್ನು ಕೆಲವದರಲ್ಲಿ ಅದಕ್ಕೆಂದೇ ಚಿಕ್ಕ ಸ್ವಿಚ್ ಇರುತ್ತದೆ. ರೆಕಾರ್ಡಿಂಗ್ ಮುಗಿದ ಮೇಲೆ ಔಟ್‌ನಲ್ಲಿ ಕೇಬಲ್ ನೇತುಬಿಟ್ಟು, ಆ ತುದಿಯನ್ನು ಬರಿದೇ ಬಿಡಬೇಡಿ. ಆಗ 75 ಒಂದೂ ಇರದೆ ಲೆವೆಲ್ ಇಮ್ಮಡಿಯಾಗುತ್ತದೆ, ಚಿತ್ರ ಕಣ್ಣು ಕುಕ್ಕುವಷ್ಟು ಬೆಳ್ಳಗಾಗುತ್ತದೆ.

ಇನ್ನು ಮುಖ್ಯ ವಿಷಯ, ಬೆಳ್ಳನೆ ದೃಶ್ಯದಲ್ಲಿ ಮೇಲ್ಭಾಗ ಓರೆಯಾಗುವುದು.

ಈ ಕನ್ಸೋಲ್‌ಗಳು ಸೆಕೆಂಡಿಗೆ ಸುಮಾರು 15,700 ಗೆರೆ ಬರೆಯುತ್ತವೆ. ಒಂದು ಗೆರೆಗೆ ಸುಮಾರು 63.5 ಮೈಕ್ರೊಸೆಕೆಂಡ್. ಪ್ರತಿ ಗೆರೆಯ ಕೊನೆಗೂ ಹೆಚ್ಚುಕಡಿಮೆ 4.7 ಮೈಕ್ರೊಸೆಕೆಂಡಿನ ಒಂದು ಪಲ್ಸ್ ಬರುತ್ತದೆ, ಅದು ‘ಗೆರೆ ಮುಗಿಯಿತು, ಎಡಕ್ಕೆ ಬಾ’ ಎಂಬ ಸೂಚನೆ. ಸೂಪರ್ ಫ್ಯಾಮಿಕಾಂನಲ್ಲಿ 262 ಗೆರೆ ಆದಮೇಲೆ ಕೆಲವು ಗೆರೆಗಳಷ್ಟು ಅಗಲದ ದೊಡ್ಡ ಪಲ್ಸ್, ಅದು ‘ಮೇಲಕ್ಕೆ ಹೋಗು’ ಎಂಬುದಕ್ಕೆ. ಮಾನಿಟರ್‌ಗೆ ಬೇಕಾದ್ದು ಇಷ್ಟೇ. ಕೆಂಪು, ಹಸಿರು, ನೀಲಿ ಎಷ್ಟೇ ಶುದ್ಧವಾಗಿರಲಿ, ಈ ಪಲ್ಸ್ ಎಲ್ಲಿ ಶುರುವಾಯಿತು ಎಂಬುದನ್ನು ಮಾನಿಟರ್ ತಪ್ಪಾಗಿ ಓದಿದರೆ ಚಿತ್ರ ಅಲ್ಲಾಡುತ್ತದೆ. ಅಡ್ಡ ಪಲ್ಸ್ ಕೈತಪ್ಪಿದರೆ ಚಿತ್ರ ಓರೆಗೆರೆಗಳಾಗಿ ಹರಿದುಹೋಗುತ್ತದೆ. ಲಂಬ ಪಲ್ಸ್ ಕೈತಪ್ಪಿದರೆ ಮೇಲಕ್ಕೋ ಕೆಳಕ್ಕೋ ಉರುಳುತ್ತದೆ.

ಸ್ಕಾರ್ಟ್ ಪ್ಲಗ್‌ನಲ್ಲಿ ಸಿಂಕ್‌ಗೆ ಮೀಸಲಾದ್ದು 20ನೇ ಪಿನ್. ಆ ಪಿನ್‌ಗೆ ಕೇಬಲ್ ಮಾಡಿದವರು ಮೂರರಲ್ಲಿ ಯಾವುದನ್ನಾದರೂ ಕೊಟ್ಟಿರಬಹುದು. ಒಂದು, ಪೂರ್ತಿ ಕಾಂಪೋಸಿಟ್ ವಿಡಿಯೊ, ಅಂದರೆ ಟಿವಿಯ ಹಳದಿ ತಂತಿಯಲ್ಲಿ ಬರುವ ಅದೇ ಸಂಕೇತ. ಎರಡು, ಬಣ್ಣ ತೆಗೆದ ಲೂಮಾ. ಮೂರು, ಚಿತ್ರವೇ ಇಲ್ಲದ ಬರೀ ಪಲ್ಸ್, ಅದಕ್ಕೆ ಎಲ್ಲರೂ ಸಿ-ಸಿಂಕ್ ಎನ್ನುತ್ತಾರೆ. ಮೊದಲ ಎರಡರಲ್ಲೂ 1 ವೋಲ್ಟಿನ ಸಂಕೇತದಲ್ಲಿ 0.7 ಚಿತ್ರಕ್ಕೆ ಹೋಗುತ್ತದೆ, ತಳದ 0.3 ಮಾತ್ರ ಪಲ್ಸ್. ಮಾನಿಟರ್ ಆ ತಳವನ್ನು ಕೊಯ್ದು ತೆಗೆಯಬೇಕು. ತಳ ನೆಟ್ಟಗಿದ್ದರೆ ಅದು ಸಲೀಸು.

ತಳ ವಾಲುವುದಕ್ಕೆ ಕಾರಣ ಸಾಮಾನ್ಯವಾಗಿ ಕೆಪಾಸಿಟರ್. ಕನ್ಸೋಲ್ ಒಳಗೋ ಕೇಬಲ್ ಒಳಗೋ ಸಿಂಕ್ ಸಾಲಿನ ನಡುವೆ ಸರಣಿಯಲ್ಲಿ ಒಂದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇದ್ದೇ ಇರುತ್ತದೆ ಎನ್ನಬಹುದು. ಅದು 220 ಮೈಕ್ರೊಫ್ಯಾರಡ್ ಇದ್ದರೆ, ಎರಡು ಕಡೆಯ 75 ಓಮ್ ಸೇರಿ ಅದರ ಸಮಯ 33 ಮಿಲಿಸೆಕೆಂಡ್. ಒಂದು ಚಿತ್ರಕ್ಕೆ ಬೇಕಾದ 16.7 ಮಿಲಿಸೆಕೆಂಡ್‌ಗಿಂತ ಇದು ಹೆಚ್ಚು, ತೊಂದರೆಯಿಲ್ಲ. ಅಗ್ಗದ ಕೇಬಲ್‌ನಲ್ಲಿ 10 ಮೈಕ್ರೊಫ್ಯಾರಡ್ ಹಾಕಿದ್ದರೆ, ಅಥವಾ ಮೂವತ್ತು ವರ್ಷದ ಕನ್ಸೋಲ್‌ನಲ್ಲಿ ಕೆಪಾಸಿಟರ್ ಒಣಗಿ ಅಷ್ಟಕ್ಕೆ ಇಳಿದಿದ್ದರೆ, ಅದು 1.5 ಮಿಲಿಸೆಕೆಂಡ್. ಆಗ ಪರದೆಯಲ್ಲಿ ಬಿಳಿ ಹೆಚ್ಚಾದಂತೆಲ್ಲ ಸಂಕೇತದ ತಳ ಜಾರುತ್ತಾ ಹೋಗುತ್ತದೆ. ಪರದೆಯ ಕೆಳಗೆ ಬಂದು, ಲಂಬ ಪಲ್ಸ್ ಬರುವ ಹೊತ್ತಿಗೆ ಮಾನಿಟರ್ ತಪ್ಪು ಎತ್ತರದಲ್ಲಿ ಕೊಯ್ಯುತ್ತಿರುತ್ತದೆ. ಅಲ್ಲಿ ಅಡ್ಡ ಗೆರೆಯ ಲಯ ತಪ್ಪುತ್ತದೆ. ಮತ್ತೆ ಲಯ ಹಿಡಿಯಲು ಹತ್ತಾರು ಗೆರೆ ಬೇಕು, ಆ ಹತ್ತಾರು ಗೆರೆಗಳೇ ನಿಮಗೆ ಪರದೆಯ ಮೇಲ್ಭಾಗದಲ್ಲಿ ಓರೆಯಾಗಿ ಕಾಣುತ್ತಿರುವುದು. ಈಗಾಗಲೇ ಟಿ ಕನೆಕ್ಟರ್‌ನಿಂದ ಪಲ್ಸ್ 0.2 ವೋಲ್ಟಿಗೆ ಇಳಿದಿದೆ, ಹಾಗಾಗಿ ತಡೆದುಕೊಳ್ಳುವ ಶಕ್ತಿಯೂ ಕಡಿಮೆ.

ಹಾಗಾದರೆ ಅದೇ ಟಿ ಇದ್ದೂ ಮೆಗಾಡ್ರೈವ್ ಹೇಗೆ ನಿಂತಿತು? ನಿಮ್ಮ ಮೆಗಾಡ್ರೈವ್ ಕೇಬಲ್ ಸಿ-ಸಿಂಕ್‌ನದು ಇರಬೇಕು. ಆ ಕನ್ಸೋಲ್‌ನ ಸಿ-ಸಿಂಕ್ ಟಿಟಿಎಲ್ (ಡಿಜಿಟಲ್ ಚಿಪ್‌ಗಳ) ಮಟ್ಟದ್ದು, 5 ವೋಲ್ಟ್ ಎಂದಿಟ್ಟುಕೊಳ್ಳಿ. ಒಳ್ಳೆಯ ಕೇಬಲ್‌ನಲ್ಲಿ ಅದಕ್ಕೆ 470 ಓಮ್ ರೆಸಿಸ್ಟರ್ ಹಾಕಿರುತ್ತಾರೆ. ಮಾನಿಟರ್‌ನ ಒಂದೇ 75ಕ್ಕೆ ತಲುಪುವಾಗ ಅದು ಸುಮಾರು 0.69 ವೋಲ್ಟ್, ಟಿ ಹಾಕಿದಾಗಲೂ 0.37. ಚಿತ್ರದ ಭಾರವಿಲ್ಲ, ತಳ ಜಾರುವ ಪ್ರಶ್ನೆಯಿಲ್ಲ, ಮಟ್ಟವೂ ಬೇಕಾದಷ್ಟಿದೆ. ಪರೀಕ್ಷೆಗೆ ಇನ್ನೊಂದು ಸುಲಭದ ದಾರಿ ಇದೆ. ಸೋನಿಕ್ ಆಟ ಶುರುವಾಗುವಾಗ ಬಿಳಿ ಪರದೆ ಮೇಲೆ ನೀಲಿಯಲ್ಲಿ ಸೆಗಾ ಎಂದು ಬರುತ್ತದಲ್ಲ, ಅದರ ಮೇಲ್ಗಡೆಯ ಅಂಚು ನೋಡಿ. ಸಿಂಕ್ ದುರ್ಬಲವಾಗಿದ್ದರೆ ಅಲ್ಲೇ ಮೊದಲು ಬಾಗುತ್ತದೆ. ಸೂಪರ್ ಫ್ಯಾಮಿಕಾಂಗೆ 240ಪಿ ಟೆಸ್ಟ್ ಸೂಟ್ ಎಂಬ ಉಚಿತ ತಂತ್ರಾಂಶ ಸಿಗುತ್ತದೆ. ಅದರ ಬಿಳಿ ಪರದೆಯನ್ನೂ ಚೌಕಳಿಯನ್ನೂ ಹಾಕಿ ಹೋಲಿಸಿ.

ನಿಮ್ಮ ಸೂಪರ್ ಫ್ಯಾಮಿಕಾಂ ಕೇಬಲ್‌ನಲ್ಲಿ ಇರುವುದು ಯಾವ ಸಿಂಕ್ ಎಂದು ಮಾರಿದವರ ಮಾತು ನಂಬಿ ಕೂರಬೇಡಿ. ಮಲ್ಟಿಮೀಟರನ್ನು ಬೀಪ್ ಬರುವ ಕಂಟಿನ್ಯುಟಿಗೆ ಇಡಿ. ಕೇಬಲ್ ಎರಡೂ ಕಡೆ ಕಳಚಿರಲಿ. ಕನ್ಸೋಲ್ ಕಡೆಯ ಪ್ಲಗ್‌ನಲ್ಲಿ ಹನ್ನೆರಡು ಪಿನ್: 1 ಕೆಂಪು, 2 ಹಸಿರು, 3 ಸಿ-ಸಿಂಕ್, 4 ನೀಲಿ, 5 ಮತ್ತು 6 ಗ್ರೌಂಡ್, 7 ಲೂಮಾ, 8 ಕ್ರೋಮಾ (ಬರೀ ಬಣ್ಣ), 9 ಕಾಂಪೋಸಿಟ್, 10 ಐದು ವೋಲ್ಟ್, ಕೊನೆಯ ಎರಡು ಶಬ್ದ. ಮೊದಲು 5, 6 ಪತ್ತೆಮಾಡಿ, ಅವೆರಡೂ ಸ್ಕಾರ್ಟ್‌ನ ಲೋಹದ ಕವಚದ ಜೊತೆ ಬೀಪ್ ಕೊಡಬೇಕು. ಬಳಿಕ ಮೀಟರ್‌ನ ಒಂದು ಕಡ್ಡಿಯನ್ನು ಸ್ಕಾರ್ಟ್‌ನ 20ಕ್ಕೆ ಇಟ್ಟು, ಇನ್ನೊಂದನ್ನು 3, 7, 9ಕ್ಕೆ ಸರದಿಯಲ್ಲಿ ತಾಗಿಸಿ. 9ಕ್ಕೆ ಬೀಪ್ ಬಂದರೆ ಕಾಂಪೋಸಿಟ್, ಕಥೆ ಅಲ್ಲಿಗೆ ಗೊತ್ತಾಯಿತು. ಯಾವುದಕ್ಕೂ ಬೀಪ್ ಬರದೆ ಮೀಟರ್ ಕೆಲವು ನೂರು ಓಮ್ ತೋರಿಸಿದರೆ ಆ ಸಾಲಿನಲ್ಲಿ ರೆಸಿಸ್ಟರ್ ಇದೆ. ಒಂದು ಚಿಕ್ಕ ಚಿರ್ ಎಂದು ಸದ್ದಾಗಿ ಸುಮ್ಮನಾದರೆ ಅಲ್ಲಿ ಕೆಪಾಸಿಟರ್ ಇದೆ, ತಂತಿ ತುಂಡಾಗಿದೆ ಎಂದು ತಿಳಿಯಬೇಡಿ. ಕೆಂಪು, ಹಸಿರು, ನೀಲಿ ಸಾಲುಗಳಲ್ಲಿ ಹಾಗೇ ಆಗಬೇಕು, ಯಾಕೆಂದರೆ ಜಪಾನ್ ಮತ್ತು ಅಮೆರಿಕದ ಮಾದರಿಗೆ ಪ್ರತಿ ಬಣ್ಣಕ್ಕೂ 220 ಮೈಕ್ರೊಫ್ಯಾರಡ್ ಬೇಕೇ ಬೇಕು. 10ನೇ ಪಿನ್‌ನಿಂದಲೂ ಸ್ಕಾರ್ಟ್ ಕಡೆಗೆ ತಂತಿ ಹೋಗಿದ್ದರೆ, ಪ್ಲಗ್ ಒಳಗೆ ಆಗಲೇ ಒಂದು ಸ್ಟ್ರಿಪ್ಪರ್ ಚಿಪ್ ಕೂತಿರುವ ಸಾಧ್ಯತೆ ಇದೆ. ಅಂಥದ್ದಕ್ಕೆ ಇನ್ನೊಂದು ಸ್ಟ್ರಿಪ್ಪರ್ ಸೇರಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ನನ್ನ ಸಲಹೆ: ಜಪಾನ್–ಅಮೆರಿಕ ಮಾದರಿಗೆಂದೇ ಮಾಡಿದ, ಪ್ರತಿ ಬಣ್ಣಕ್ಕೂ ಬೇರೆ ಶೀಲ್ಡ್ ಇರುವ ಸಿ-ಸಿಂಕ್ ಕೇಬಲ್ ತೆಗೆದುಕೊಳ್ಳಿ. ಸಿಗದಿದ್ದರೆ ಲೂಮಾ ಕೇಬಲ್ ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಾಂಪೋಸಿಟ್ ಸಿಂಕ್ ಕೇಬಲ್‌ನ ಇನ್ನೊಂದು ಕಾಟ, ಅದರೊಳಗಿನ ಬಣ್ಣದ ಕ್ಯಾರಿಯರ್ (ಬಣ್ಣವನ್ನು ಹೊತ್ತ ಅಲೆ) ಪಕ್ಕದ ತಂತಿಗಳಿಗೆ ಸೋರಿ, ಒಂದೇ ಬಣ್ಣದ ಜಾಗಗಳಲ್ಲಿ ಸಣ್ಣ ಚೌಕುಳಿ ಮೂಡಿಸುತ್ತದೆ. ಆಕಾಶದ ನೀಲಿಯಲ್ಲಿ ನೋಡಿದರೆ ತಕ್ಷಣ ಸಿಗುತ್ತದೆ.

ಕೇಬಲ್ ಕೊಳ್ಳುವಾಗ ಎರಡು ಅಪಾಯ. ಯುರೋಪಿನ ಪಾಲ್ ಸೂಪರ್ ನಿಂಟೆಂಡೊದಲ್ಲಿ ಅದೇ 3ನೇ ಪಿನ್‌ನಲ್ಲಿ ಸಿಂಕ್ ಇಲ್ಲ, 12 ವೋಲ್ಟ್ ಇದೆ. ಟಿವಿಗೆ ‘ಸ್ಕಾರ್ಟ್ ಕಡೆ ತಿರುಗು’ ಎಂದು ಹೇಳಲು ಇಟ್ಟಿದ್ದು. ನಿಮ್ಮ ಸಿ-ಸಿಂಕ್ ಕೇಬಲನ್ನು ಗೆಳೆಯರ ಪಾಲ್ ಕನ್ಸೋಲ್‌ಗೆ ಹಾಕಿದರೆ ಆ 12 ವೋಲ್ಟ್ ನೇರವಾಗಿ ಮಾನಿಟರ್‌ನ ಸಿಂಕ್ ಇನ್‌ಪುಟ್‌ಗೆ ಹೋಗುತ್ತದೆ. ಆ ಮಾದರಿಗೆ ಬಣ್ಣದ ಸಾಲಿನಲ್ಲಿ ಕೆಪಾಸಿಟರ್ ಬದಲು ಗ್ರೌಂಡ್‌ಗೆ 75 ಓಮ್ ಬೇಕು, ಅಂದರೆ ಕೇಬಲ್ ಬೇರೆಯೇ. ಎರಡನೆಯ ಅಪಾಯ ಜಪಾನಿನ 21 ಪಿನ್ ಪ್ಲಗ್. ನೋಡಲು ಥೇಟ್ ಸ್ಕಾರ್ಟ್, ಸಿಕ್ಕಿಸಲೂ ಬರುತ್ತದೆ, ಒಳಗಿನ ಜೋಡಣೆ ಮಾತ್ರ ಬೇರೆ. ಸೂಪರ್ ಫ್ಯಾಮಿಕಾಂ ಜಪಾನಿನದು ಎಂದು ಜಪಾನಿನ ಕೇಬಲ್ ತಂದು ನಿಮ್ಮ ಸ್ಕಾರ್ಟ್–ಬಿಎನ್‌ಸಿ ಕೇಬಲ್‌ಗೆ ಚುಚ್ಚಬೇಡಿ.

ಸ್ಟ್ರಿಪ್ಪರ್ ವಿಚಾರಕ್ಕೆ ಬರೋಣ. ಅದರಲ್ಲಿರುವುದು ಹೆಚ್ಚಾಗಿ ಎಲ್‌ಎಂ 1881 ಎಂಬ ಎಂಟು ಕಾಲಿನ ಚಿಪ್. ಕಾಂಪೋಸಿಟ್ ಅಥವಾ ಲೂಮಾ ಒಳಗೆ ಕೊಟ್ಟರೆ ತಳದ ಪಲ್ಸ್ ಮಾತ್ರ ಹೊರಗೆ ಕೊಡುತ್ತದೆ. ನಿಮ್ಮ ಪಿವಿಎಂ ಒಳಗೂ ಇದೇ ಕೆಲಸ ಮಾಡುವ ಸರ್ಕ್ಯೂಟ್ ಇದೆ. ಸ್ಟುಡಿಯೊ, ಆಸ್ಪತ್ರೆಗಳಿಗೆ ಮಾಡಿದ ಮಾನಿಟರ್ ಆದ್ದರಿಂದ ಅಗ್ಗದ ಸ್ಟ್ರಿಪ್ಪರ್‌ಗಿಂತ ಅದು ಉತ್ತಮವಾಗಿಯೇ ಇರುತ್ತದೆ. ತಳವೇ ಜಾರುತ್ತಿರುವ ಸಂಕೇತವನ್ನು ಸ್ಟ್ರಿಪ್ಪರ್‌ಗೆ ಕೊಟ್ಟರೆ ಅದೂ ತಪ್ಪಾಗಿಯೇ ಕೊಯ್ಯುತ್ತದೆ. ಎಲ್‌ಎಂ 1881 ಕೊಯ್ಯುವುದು ಪಲ್ಸ್‌ನ ತುದಿಯಿಂದ ಸುಮಾರು 70 ಮಿಲಿವೋಲ್ಟ್ ಮೇಲೆ, ಪಲ್ಸ್ ದೊಡ್ಡದಿರಲಿ ಚಿಕ್ಕದಿರಲಿ. ಗದ್ದಲದ ಸಂಕೇತದಲ್ಲಿ ಗದ್ದಲವನ್ನೂ ಪಲ್ಸ್ ಎಂದೇ ಎಣಿಸಿಬಿಡುತ್ತದೆ. ಅದರ ಮುಂದೆ 620 ಓಮ್ ಮತ್ತು 510 ಪಿಕೊಫ್ಯಾರಡ್‌ನ ಚಿಕ್ಕ ಫಿಲ್ಟರ್ ಇಟ್ಟು ಬಣ್ಣದ ಕ್ಯಾರಿಯರ್ ತಗ್ಗಿಸಬೇಕು. ಅಗ್ಗದ ಬೋರ್ಡ್‌ಗಳಲ್ಲಿ ಇದನ್ನೇ ಬಿಟ್ಟಿರುತ್ತಾರೆ. ಹೊರಬರುವ ಸಿಂಕ್ ಕೂಡ 5 ವೋಲ್ಟ್ ಮಟ್ಟದ್ದು, ರೆಸಿಸ್ಟರ್ ಇಲ್ಲದೆ 75 ಓಮ್ ಸಾಲಿಗೆ ಕೊಡುವಂಥದ್ದಲ್ಲ.

ಸ್ಟ್ರಿಪ್ಪರ್ ನಿಜವಾಗಿ ಬೇಕಾಗುವುದು ಸ್ವಂತ ಸಿಂಕ್ ಸೆಪರೇಟರ್ ಇಲ್ಲದ ಪರದೆಗೆ, ಬರೀ ಪಲ್ಸ್ ಮಾತ್ರ ಬಯಸುವ ಆರ್ಕೇಡ್ ಮಾನಿಟರ್, ಹಳೆಯ ಸ್ವಿಚರ್‌ಗಳಿಗೆ. ಅಲ್ಲೂ ಕನ್ಸೋಲ್ ಸಿ-ಸಿಂಕ್ ಕೊಡದಿದ್ದರೆ ಮಾತ್ರ. ಪ್ಲೇಸ್ಟೇಷನ್ 2 ಅಂಥದ್ದು.

ಒಂದು ಬಟನ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಪಿವಿಎಂಗಳಲ್ಲಿ ಆರ್‌ಜಿಬಿ ಆರಿಸುವುದು ಬೇರೆ, ಎಕ್ಸ್‌ಟರ್ನಲ್ ಸಿಂಕ್ ಒತ್ತುವುದು ಬೇರೆ. ಎರಡನೆಯದನ್ನು ಒತ್ತದಿದ್ದರೆ ಮಾನಿಟರ್ ಸಿಂಕನ್ನು ಹಸಿರು ಸಾಲಿನಲ್ಲಿ ಹುಡುಕುತ್ತದೆ, ಅಲ್ಲಿ ಸಿಗದೆ ಚಿತ್ರ ಸುಮ್ಮನೆ ಉರುಳುತ್ತಲೇ ಇರುತ್ತದೆ. ನಿಮ್ಮ ಚಿತ್ರ ಬಹುಪಾಲು ನಿಲ್ಲುತ್ತಿದೆ ಎಂದರೆ ನೀವು ಒತ್ತಿದ್ದೀರಿ. ಮಾನಿಟರ್ ಕೆಟ್ಟಿದೆ ಎಂದು ಮಾರಿಬಿಟ್ಟವರೂ ಇದ್ದಾರೆ, ಆ ಬಟನ್ ಒತ್ತದೆ.

ಕ್ಯಾಪ್ಚರ್ ಪೆಟ್ಟಿಗೆಯ ಲೋಕವೇ ಬೇರೆ. ಮಾನಿಟರ್‌ನಲ್ಲಿ ಚಿತ್ರ ಗಟ್ಟಿಯಾಗಿ ನಿಂತು, ರೆಕಾರ್ಡಿಂಗ್‌ನಲ್ಲಿ ಮಾತ್ರ ಕಡಿದುಹೋಗುತ್ತಿದ್ದರೆ ಕೇಬಲನ್ನು ಬೈಯಬೇಡಿ. ಸೂಪರ್ ಫ್ಯಾಮಿಕಾಂ ಒಂದು ಬಿಟ್ಟು ಒಂದು ಫ್ರೇಮ್‌ನಲ್ಲಿ ಒಂದು ಗೆರೆಯನ್ನು 1364 ಕ್ಲಾಕ್ ಬದಲು 1360ಕ್ಕೇ ಮುಗಿಸುತ್ತದೆ, ಸುಮಾರು 0.19 ಮೈಕ್ರೊಸೆಕೆಂಡ್ ಬೇಗ. ಪಿಕ್ಚರ್ ಟ್ಯೂಬ್‌ಗೆ ಇದು ಲೆಕ್ಕಕ್ಕೇ ಇಲ್ಲ. ಚಿತ್ರವನ್ನು ಹೊಸ ಪರದೆಗೆ ಹಿಗ್ಗಿಸುವ ಕೆಲವು ಡಿಜಿಟಲ್ ಸ್ಕೇಲರ್‌ಗಳೂ ಟಿವಿಗಳೂ ಇದನ್ನು ತಡೆದುಕೊಳ್ಳುವುದಿಲ್ಲ. ಅದಕ್ಕೆಂದೇ ಕನ್ಸೋಲ್ ಒಳಗೆ ಹಾಕುವ ಡಿ-ಜಿಟರ್ ಬೋರ್ಡ್ ಇದೆ. ಮೆಗಾಡ್ರೈವ್‌ನಲ್ಲಿ ಸೋನಿಕ್ 2ರ ಇಬ್ಬರ ಆಟಕ್ಕೆ ಹೋದಾಗ ಪೆಟ್ಟಿಗೆ ಒಂದು ಕ್ಷಣ ಕಪ್ಪಾಗುವುದೂ ಹೀಗೇ. ಅಲ್ಲಿ ಆಟ ಇಂಟರ್‌ಲೇಸ್‌ಗೆ (ಬೆಸ, ಸಮ ಗೆರೆಗಳನ್ನು ಸರದಿಯಲ್ಲಿ ಬರೆಯುವ ಕ್ರಮ) ಬದಲಾಗುತ್ತದೆ, ಸ್ಕೇಲರ್ ಹೊಸದಾಗಿ ಲಯ ಹಿಡಿಯಬೇಕು. ಇನ್ನೊಂದು ಮಾತು, ಪಿವಿಎಂಗಳ ಸಿಂಕ್ ಇನ್‌ಪುಟ್ ಸಾಮಾನ್ಯವಾಗಿ 4 ವೋಲ್ಟ್‌ವರೆಗಿನ ಮಟ್ಟವನ್ನು ತಡೆದುಕೊಳ್ಳುತ್ತದೆ, ನಿಮ್ಮ ಮಾದರಿಯ ಕೈಪಿಡಿಯಲ್ಲಿ ನೋಡಿಕೊಳ್ಳಿ. ಕ್ಯಾಪ್ಚರ್ ಪೆಟ್ಟಿಗೆ ಅಷ್ಟು ಗಟ್ಟಿ ಜೀವವಲ್ಲ, ಅದಕ್ಕೆ ರೆಸಿಸ್ಟರ್ ಇಲ್ಲದ ಟಿಟಿಎಲ್ ಸಿಂಕ್ ಕೊಡಲೇಬೇಡಿ.

ಟ್ರಾನ್ಸ್‌ಫಾರ್ಮರ್ ಸರಿಸಿ, ಟಿ ತೆಗೆದು, ಕೇಬಲ್ ಬದಲಿಸಿದ ಮೇಲೂ ಎರಡೂ ಕನ್ಸೋಲ್‌ನಲ್ಲಿ ಮೇಲ್ಭಾಗ ಬಾಗುತ್ತಿದ್ದರೆ ಆಗ ಮಾನಿಟರ್ ಒಳಗಿನ ಕೆಪಾಸಿಟರ್ ಮೇಲೆ ಅನುಮಾನ ಪಡಬಹುದು. ಅದನ್ನು ನೀವೇ ಬಿಚ್ಚಬೇಡಿ. ಕಲರ್ ಟ್ಯೂಬ್‌ನಲ್ಲಿ 20 ಸಾವಿರ ವೋಲ್ಟಿಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ. ಹಳೆಯ ಕಲರ್ ಟಿವಿ ರಿಪೇರಿ ಮಾಡಿದ ಅನುಭವ ಇರುವವರಿಗೆ ಕೊಡಿ.

ಅಟ್ಟದ ಮೇಲಿನ ಟಿವಿ ಗೇಮ್ ಬಗ್ಗೆ. ನಮ್ಮಲ್ಲಿ 90ರ ದಶಕದಲ್ಲಿ ಮಾರುತ್ತಿದ್ದ, ಕ್ಯಾಸೆಟ್ ಹಾಕಿ ಆಡುವ ಸೆಟ್‌ಗಳಲ್ಲಿ ಹೆಚ್ಚಿನವು ಸೂಪರ್ ಫ್ಯಾಮಿಕಾಂಗಿಂತ ಹಿಂದಿನ ಫ್ಯಾಮಿಕಾಂನ ನಕಲು. ಫ್ಯಾಮಿಕಾಂನ ಚಿತ್ರದ ಚಿಪ್ ಆರ್‌ಜಿಬಿಯನ್ನು ತಯಾರಿಸುವುದೇ ಇಲ್ಲ, ನೇರವಾಗಿ ಕಾಂಪೋಸಿಟ್ ಸಂಕೇತವನ್ನೇ ಹೊರಗೆ ಕೊಡುತ್ತದೆ. ಹಾಗಾಗಿ ಯಾವ ಕೇಬಲ್ ತಂದರೂ ಅದರಿಂದ ಆರ್‌ಜಿಬಿ ಬರುವುದಿಲ್ಲ. ಅಸಲಿ ಕನ್ಸೋಲ್‌ನಲ್ಲಿ ಆ ಚಿಪ್ ಕಿತ್ತು, ಅದರ ಜಾಗದಲ್ಲಿ ಎನ್‌ಇಎಸ್‌ಆರ್‌ಜಿಬಿ ಎಂಬ ಬೋರ್ಡ್ ಕೂರಿಸಿ, ಚಿಪ್ಪನ್ನು ಆ ಬೋರ್ಡ್ ಮೇಲೆ ಹಾಕಬಹುದು. ನಿಮ್ಮ ಸೆಟ್‌ನ ಮುಚ್ಚಳ ತೆಗೆದಾಗ ಚಿಪ್ ಬದಲು ಬೋರ್ಡ್ ಮೇಲೆ ಗುಂಡಗಿನ ಕಪ್ಪು ಅಂಟಿನ ಬೊಟ್ಟು ಕಂಡರೆ ಆ ದಾರಿಯೂ ಮುಚ್ಚಿತು. ಹಳದಿ ಸಾಕೆಟ್ ಇದ್ದರೆ ಒಂದು ಆರ್‌ಸಿಎ–ಬಿಎನ್‌ಸಿ ಅಡಾಪ್ಟರ್ ಹಾಕಿ ಮಾನಿಟರ್‌ನ ಕಾಂಪೋಸಿಟ್ ಇನ್‌ಪುಟ್‌ಗೆ ಕೊಡಿ, ಎಕ್ಸ್‌ಟರ್ನಲ್ ಸಿಂಕ್ ಬಟನ್ ಆಫ್ ಮಾಡಿ. ಏರಿಯಲ್‌ಗೆ ಹಾಕುವ ತಂತಿ ಮಾತ್ರ ಇದ್ದರೆ, ಪಿವಿಎಂನಲ್ಲಿ ಟ್ಯೂನರ್ ಇಲ್ಲ. ಹಳೆಯ ವಿಸಿಆರ್ ಒಂದನ್ನು ಮಧ್ಯೆ ಇಟ್ಟು, ಅದರಲ್ಲಿ ಚಾನೆಲ್ ಟ್ಯೂನ್ ಮಾಡಿ, ಅದರ ವಿಡಿಯೊ ಔಟ್‌ನಿಂದ ಮಾನಿಟರ್‌ಗೆ ತಂತಿ ಎಳೆಯಿರಿ.